ಆಲೇಖ ವಿನ್ಯಾಸ ಮತ್ತು ಕಣ್ಣಿನ ಗ್ರಹಿಕೆ

ಅಂಕಿಗಳನ್ನು ಗೆರೆ, ಕಂಬ, ವೃತ್ತ ಅಥವಾ ಬಣ್ಣವಾಗಿ ಬರೆದಾಗ ನೋಡುವವರ ಕಣ್ಣು ಅವನ್ನು ಎಷ್ಟು ಸರಿಯಾಗಿ ಮತ್ತೆ ಅಂಕಿಗಳಾಗಿ ಓದಿಕೊಳ್ಳುತ್ತದೆ ಎಂಬ ವಿಚಾರವೇ ಸ್ಪಷ್ಟ ಆಲೇಖ ವಿನ್ಯಾಸದ ತಳಹದಿ. ಆಲೇಖ ಅಥವಾ ಗ್ರಾಫ್ ಬರೆಯುವ ರೂಢಿ ಹದಿನೆಂಟನೆಯ ಶತಮಾನದ ಕೊನೆಗೆ ಬೇರೂರಿತು. ಕಣ್ಣನ್ನೇ ಪರೀಕ್ಷೆಗೆ ಒಡ್ಡಿ ನಿಯಮಗಳನ್ನು ಕಂಡುಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಚರಿತ್ರೆಯ ಹಲವು ತಿರುವುಗಳಲ್ಲಿ ಭಾರತದ ಅಂಕಿಗಳೇ ಉದಾಹರಣೆಗೆ ಒದಗಿವೆ.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ವಾಣಿಜ್ಯ ಅಟ್ಲಾಸ್‌ನಲ್ಲಿ ಆಮದು ಮತ್ತು ರಫ್ತುಗಳನ್ನು ಕಾಲದ ಅಕ್ಷದ ಮೇಲೆ ಎರಡು ಗೆರೆಗಳಾಗಿ ಎಳೆದ. 1801ರ ಅವನ ಇನ್ನೊಂದು ಪುಸ್ತಕ ಯುರೋಪಿನ ರಾಜ್ಯಗಳ ಜೊತೆಗೆ ಹಿಂದೂಸ್ತಾನದ ಆಳುವ ಶಕ್ತಿಗಳ ಲೆಕ್ಕವನ್ನೂ ಕೊಟ್ಟಿತು. ಮುಂದೆ ಉದಾಹರಣೆಗೆ ಬರುವ ಊರುಗಳಲ್ಲಿ ನಾಸಿಕ ಆಗ ಪೇಶ್ವೆಯರದು. ಇಂದು ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದ್ ನಿಜಾಮನದು. ಆ ಪುಸ್ತಕದ ಪ್ರಸಿದ್ಧ ಚಿತ್ರದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ವೃತ್ತ. ವೃತ್ತದ ವಿಸ್ತೀರ್ಣ ನೆಲದ ವಿಸ್ತಾರವನ್ನು ಸೂಚಿಸಿದರೆ, ಎಡಕ್ಕೆ ನಿಂತ ಗೆರೆ ಜನಸಂಖ್ಯೆಯನ್ನೂ ಬಲಕ್ಕೆ ನಿಂತ ಗೆರೆ ಕಂದಾಯವನ್ನೂ ಹೇಳುತ್ತವೆ. ಎರಡರ ತುದಿಗಳನ್ನು ಸೇರಿಸುವ ಚುಕ್ಕಿಗೆರೆಯ ವಾಲಿಕೆ ತೆರಿಗೆಯ ಹೊರೆಯನ್ನು ತೋರಿಸುತ್ತದೆಂದು ಪ್ಲೇಫೇರ್ ಭಾವಿಸಿದ್ದ. ಆದರೆ ವೃತ್ತ ದೊಡ್ಡದಾದಷ್ಟೂ ಗೆರೆಗಳು ದೂರ ಸರಿದು ವಾಲಿಕೆ ತಾನಾಗಿ ಕಡಿಮೆಯಾಗುತ್ತದೆ. ಹಾಗಾಗಿ ಅದು ತೆರಿಗೆಯನ್ನಷ್ಟೇ ಅಲ್ಲ, ರಾಜ್ಯದ ಗಾತ್ರವನ್ನೂ ಬೆರೆಸಿ ಹೇಳಿಬಿಡುತ್ತದೆ. ಚಿತ್ರ ಅಂದವಾಗಿದೆ, ಓದು ತಪ್ಪುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಲೇಖಗಳು ಸರ್ಕಾರಿ ವರದಿಗಳಿಗೆ, ಕಾರ್ಖಾನೆಗಳಿಗೆ ಹಬ್ಬಿದವು. ಸೈನಿಕರ ಸಾವುಗಳನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ದಳದಳವಾಗಿ ತೋರಿಸಿದ ಚಿತ್ರ ಎಲ್ಲರಿಗೂ ಗೊತ್ತಿರುವಂಥದು. ಅದರಷ್ಟು ಹೆಸರು ಮಾಡದೆ, ಆದರೆ ದಿನದಿನವೂ ದುಡಿದ ಆಲೇಖವೊಂದಿದೆ: ರೈಲುಗಳ ಓಟದ ಆಲೇಖ. ಫ್ರೆಂಚ್ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ 1878ರ ತನ್ನ ಗ್ರಂಥದಲ್ಲಿ ಪ್ಯಾರಿಸ್ ಮತ್ತು ಲಿಯೋಂ ನಡುವಿನ ರೈಲುಗಳ ಇಂಥ ಚಿತ್ರವನ್ನು ಮುದ್ರಿಸಿದ. ಅದನ್ನು ಬರೆದವನು ಇಬ್ರಿ ಎಂಬ ಎಂಜಿನಿಯರ್ ಎಂದು ಮಾರೆ ಹೇಳುತ್ತಾನೆ. ಭಾರತೀಯ ರೈಲ್ವೆಯ ಕಂಟ್ರೋಲ್ ಕಚೇರಿಗಳಲ್ಲಿ ಸೆಕ್ಷನ್ ಕಂಟ್ರೋಲರ್‌ಗಳು ದಶಕಗಳ ಕಾಲ ಇದೇ ಬಗೆಯ ಹಾಳೆಯ ಮೇಲೆ ಕೈಯಿಂದ ಗೆರೆ ಎಳೆಯುತ್ತಿದ್ದರು. ಈಗ ಕಂಪ್ಯೂಟರ್ ಪರದೆ ಆ ಕೆಲಸ ಮಾಡುತ್ತದೆ, ಆಲೇಖದ ರೂಪ ಬದಲಾಗಿಲ್ಲ.

ಹಾಳೆಯ ಅಡ್ಡಕ್ಕೆ ಗಂಟೆ ನಿಮಿಷಗಳು, ಉದ್ದಕ್ಕೆ ನಿಲ್ದಾಣಗಳು. ಒಂದು ರೈಲಿಗೆ ಒಂದು ಗೆರೆ. ಗೆರೆ ಕಡಿದಾಗಿದ್ದರೆ ವೇಗ ಹೆಚ್ಚು, ಮಟ್ಟಸವಾಗಿದ್ದರೆ ರೈಲು ನಿಂತಿದೆ ಎಂದು ಅರ್ಥ. 1865ರಲ್ಲಿ ಸಂಚಾರ ಆರಂಭವಾದ ಕಸಾರಾ–ಇಗತ್‌ಪುರಿ ಘಾಟಿಯಲ್ಲಿ ಏರು 37ಕ್ಕೆ 1ರಷ್ಟು. ನಾಸಿಕದ ಕಡೆ ಹತ್ತುವ ರೈಲುಗಳಿಗೆ ಸಾಮಾನ್ಯವಾಗಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಜೋಡಿಸಬೇಕಾಗುತ್ತದೆ. ಹಾಳೆಯ ಮೇಲೆ ಅವುಗಳ ಗೆರೆ ಅಲ್ಲಿ ವಾಲಿಕೊಂಡು, ಇಗತ್‌ಪುರಿ ದಾಟಿದ ಮೇಲೆ ಮತ್ತೆ ಕಡಿದಾಗುತ್ತದೆ. ಮನ್ಮಾಡ್‌ನಿಂದ ಸಂಭಾಜಿನಗರದ ಕಡೆಗೆ ಹೋಗುವ ಮಾರ್ಗ ನಿಜಾಮನ ಕಾಲದಲ್ಲಿ, 1900ರ ಸುಮಾರಿಗೆ, ಮೀಟರ್ ಗೇಜಿನ ಒಂಟಿ ಹಳಿಯಾಗಿ ಬಂತು. ಒಂಟಿ ಹಳಿಯ ಮೇಲೆ ಎದುರುಬದುರು ರೈಲುಗಳು ನಿಲ್ದಾಣದಲ್ಲೇ ಕ್ರಾಸಿಂಗ್ ಆಗಬೇಕು. ಎರಡು ಗೆರೆಗಳು ಕತ್ತರಿಸುವ ಬಿಂದು ನಿಲ್ದಾಣದ ಗೆರೆಯ ಮೇಲೆ ಬೀಳದೆ ನಡುವೆ ಎಲ್ಲೋ ಬಿದ್ದರೆ ಯೋಜನೆ ತಪ್ಪಿದೆ ಎಂಬುದು ಯಾವ ಲೆಕ್ಕವೂ ಇಲ್ಲದೆ ಗೊತ್ತಾಗುತ್ತದೆ. ವೇಳಾಪಟ್ಟಿಯ ಅಂಕಿಗಳಲ್ಲಿ ಇದೇ ತಪ್ಪನ್ನು ಹುಡುಕಲು ಪುಟಗಳನ್ನು ತಿರುವಬೇಕು.

ಯಾವ ರೂಪ ಒಳ್ಳೆಯದು ಎಂಬ ವಾದಕ್ಕೆ ಪ್ರಯೋಗದ ಉತ್ತರ ಹುಡುಕುವ ಯತ್ನ ಅಮೆರಿಕದಲ್ಲಿ 1926ರಲ್ಲಿ ಶುರುವಾಯಿತು. ವೃತ್ತಾಲೇಖವೇ ಕಂಬಕ್ಕಿಂತ ಮೇಲು ಎಂದು ವಾಲ್ಟರ್ ಈಲ್ಸ್ ವರದಿ ಮಾಡಿದ. ಮರುವರ್ಷವೇ ಅದಕ್ಕೆ ಆಕ್ಷೇಪಗಳು ಬಂದವು. 1932ರಲ್ಲಿ ಕ್ರಾಕ್ಸ್‌ಟನ್ ಮತ್ತು ಸ್ಟೈನ್ ನಡೆಸಿದ ಹೋಲಿಕೆಯಲ್ಲಿ ಕಂಬಗಳು ಗೆದ್ದು ಘನಾಕೃತಿಗಳು ಕಡೆಗೆ ಬಿದ್ದವು. ಇದರ ಕಾರಣ ಮನೋವಿಜ್ಞಾನದಿಂದ ಬಂತು. ಎಸ್. ಎಸ್. ಸ್ಟೀವನ್ಸ್ 1957ರಲ್ಲಿ ಮಂಡಿಸಿದ ಘಾತ ನಿಯಮದ ಪ್ರಕಾರ ಉದ್ದವನ್ನು ಕಣ್ಣು ಹೆಚ್ಚುಕಡಿಮೆ ಇದ್ದಂತೆಯೇ ಅಳೆಯುತ್ತದೆ. ವಿಸ್ತೀರ್ಣಕ್ಕೆ ಘಾತ ಸುಮಾರು 0.7, ಅಂದರೆ ಎರಡು ಪಟ್ಟು ದೊಡ್ಡ ವೃತ್ತ ಸುಮಾರು 1.6 ಪಟ್ಟು ಮಾತ್ರ ದೊಡ್ಡದಾಗಿ ತೋರುತ್ತದೆ. ಪ್ಲೇಫೇರನ ವೃತ್ತಗಳಲ್ಲಿ ದೊಡ್ಡ ರಾಜ್ಯಗಳು ನಿಜಕ್ಕಿಂತ ಚಿಕ್ಕವಾಗಿ ಕಾಣುವುದು ಇದರಿಂದಲೇ.

ಭಾರತದ ಸ್ವಂತ ಕೊಡುಗೆ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರದು. 1960ರಲ್ಲಿ ಪ್ರಕಟವಾದ ಅವರ ವಿಧಾನದಲ್ಲಿ ಕುಟುಂಬಗಳನ್ನು ತಲಾ ವೆಚ್ಚದ ಕ್ರಮದಲ್ಲಿ ಜೋಡಿಸಿ, ಸಮಸಂಖ್ಯೆಯ ಗುಂಪುಗಳಾಗಿ ಒಡೆದು, ಗುಂಪುಗಳ ಸರಾಸರಿಗಳನ್ನು ಗೆರೆಯಾಗಿ ಸೇರಿಸಲಾಗುತ್ತದೆ. ಒಂದೇ ಸಮೀಕ್ಷೆಯ ಎರಡು ಸ್ವತಂತ್ರ ಉಪಮಾದರಿಗಳಿಗೆ ಎರಡು ಗೆರೆ. ಅವುಗಳ ನಡುವಿನ ಜಾಗವೇ ದೋಷದ ಅಳತೆ. ಬೇರೆ ಕಾಲದ ಇನ್ನೊಂದು ಸಮೀಕ್ಷೆಯ ಗೆರೆ ಆ ಜಾಗವನ್ನು ಮೀರಿ ಎಷ್ಟು ದೂರ ಹೋಗಿದೆ ಎಂದು ನೋಡಿ ಬದಲಾವಣೆ ನಿಜವೇ ಎಂದು ತೀರ್ಮಾನಿಸಬಹುದು. ಅನಿಶ್ಚಿತತೆಯನ್ನು ಅಡಿಟಿಪ್ಪಣಿಗೆ ತಳ್ಳದೆ ಚಿತ್ರದಲ್ಲೇ ಇರಿಸಿದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ.

ಜಾಕ್ ಬರ್ತಾಂ 1967ರಲ್ಲಿ ಆಲೇಖದ ಅಂಶಗಳಿಗೆ ಒಂದು ವ್ಯಾಕರಣ ಬರೆದ. ಜಾನ್ ಟುಕಿ 1977ರಲ್ಲಿ, ಎಡ್ವರ್ಡ್ ಟಫ್ಟಿ 1983ರಲ್ಲಿ ಹೊರತಂದ ಪುಸ್ತಕಗಳು ಆಸಕ್ತಿಯನ್ನು ಹರಡಿದವು. ಟಫ್ಟಿಯ ಮುಖಪುಟದಲ್ಲಿ ಇದ್ದದ್ದು ಮಾರೆಯ ರೈಲು ಆಲೇಖವೇ. ಅಭಿರುಚಿಯ ಮಾತನ್ನು ಅಳತೆಯ ಮಾತಾಗಿಸಿದವರು ಬೆಲ್ ಲ್ಯಾಬ್ಸ್‌ನ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್. 1984ರ ಅವರ ಲೇಖನ ಕಣ್ಣಿನ ಕೆಲಸಗಳನ್ನು ನಿಖರತೆಯ ಕ್ರಮದಲ್ಲಿ ಇಟ್ಟಿತು. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನಕ್ಕೆ ಮೊದಲ ಜಾಗ. ಆಮೇಲೆ ಉದ್ದ, ದಿಕ್ಕು, ಕೋನ. ಅದರ ಕೆಳಗೆ ವಿಸ್ತೀರ್ಣ, ಗಾತ್ರ. ಕೊನೆಗೆ ಬಣ್ಣದ ಸಾಂದ್ರತೆ. ಕೋನವನ್ನು ಅಂದಾಜಿಸುವಾಗ ಆದ ತಪ್ಪು ಸ್ಥಾನವನ್ನು ಅಂದಾಜಿಸುವಾಗ ಆದದ್ದಕ್ಕಿಂತ ಸುಮಾರು ಎರಡು ಪಟ್ಟು. 2010ರಲ್ಲಿ ಹೀರ್ ಮತ್ತು ಬೋಸ್ಟಾಕ್ ಅಂತರ್ಜಾಲದ ಮೂಲಕ ನಡೆಸಿದ ಮರುಪ್ರಯೋಗವೂ ಬಹುಪಾಲು ಇದೇ ಕ್ರಮವನ್ನು ಎತ್ತಿಹಿಡಿಯಿತು.

ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಪ್ಲೇಫೇರನ ಇನ್ನೊಂದು ದೋಷವನ್ನು ಹೊರಗೆಳೆದರು. ಇಂಗ್ಲೆಂಡು ಮತ್ತು ಈಸ್ಟ್ ಇಂಡೀಸ್ ನಡುವಿನ ವ್ಯಾಪಾರದ ಆಲೇಖದಲ್ಲಿ ಆಮದು–ರಫ್ತುಗಳ ಅಂತರ 1760ರ ನಂತರ ಥಟ್ಟನೆ ಹಿಗ್ಗಿ ಕುಗ್ಗುತ್ತದೆ. ಪ್ಲಾಸಿ ಕದನದ ಮರುವರ್ಷಗಳು ಅವು, ಚರಿತ್ರೆ ಓದುವವರಿಗೆ ಬೇಕಾದ ಸಂಗತಿಯೇ. ಆದರೆ ಎರಡು ಗೆರೆಗಳನ್ನು ನೋಡುವ ಕಣ್ಣಿಗೆ ಅದು ಕಾಣುವುದಿಲ್ಲ. ಗೆರೆಗಳು ಒಟ್ಟಿಗೆ ಏರುವಾಗ ಕಣ್ಣು ನೇರ ಲಂಬದ ಅಂತರವನ್ನು ಬಿಟ್ಟು ಓರೆಯಾದ, ಕಿರಿದಾದ ಅಂತರವನ್ನು ಹಿಡಿಯುತ್ತದೆ. ಅಂತರವೇ ಮುಖ್ಯವಾದರೆ ಅದನ್ನೇ ಪ್ರತ್ಯೇಕ ಗೆರೆಯಾಗಿ ಎಳೆಯಬೇಕು. ಮಹಲನೋಬಿಸರ ಚಿತ್ರಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. ಅವರು ನಡುವಿನ ಜಾಗವನ್ನು ಕಣ್ಣಳತೆಗೆ ಬಿಡದೆ ಲೆಕ್ಕ ಹಾಕಿದ್ದರಿಂದ ತೀರ್ಮಾನ ಉಳಿಯಿತು. ರೈಲು ಆಲೇಖ ಮಾತ್ರ ಅಂತರವನ್ನು ಕೇಳುವುದೇ ಇಲ್ಲ. ಅದು ಕೇಳುವುದು ಸ್ಥಾನ, ವಾಲಿಕೆ, ಕತ್ತರಿಸುವ ಬಿಂದು. ಅದು ಬಾಳಿಕೆ ಬಂದದ್ದಕ್ಕೆ ಇದೇ ಮುಖ್ಯ ಕಾರಣವಿರಬೇಕು. ವಾಲಿಕೆಯ ಓದಿಗೂ ಒಂದು ಷರತ್ತಿದೆ: ವಾಲಿಕೆಗಳು 45 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಅವುಗಳ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆಂದು 1988ರಲ್ಲಿ ತೋರಿಸಲಾಯಿತು.

ಬಣ್ಣದ ವಿಷಯಕ್ಕೆ ಗಮನ ಬಂದದ್ದು ತಡವಾಗಿ. ಕಾಮನಬಿಲ್ಲಿನ ಬಣ್ಣಗಳಿಗೆ ಕಣ್ಣಿನಲ್ಲಿ ಸಹಜವಾದ ಹೆಚ್ಚು–ಕಡಿಮೆ ಇಲ್ಲ; ತಿಳಿಯಿಂದ ಗಾಢಕ್ಕೆ ಹೋಗುವ ಒಂದೇ ಬಣ್ಣಕ್ಕೆ ಇದೆ. ಹೊಳಪು ಸಮವಾಗಿ ಏರುವ ‘ವಿರಿಡಿಸ್’ ಬಣ್ಣಪಟ್ಟಿ 2015ರಲ್ಲಿ ಬಂದದ್ದು ಈ ಕೊರತೆ ನೀಗಿಸಲು. ಭಾರತೀಯ ಹವಾಮಾನ ಇಲಾಖೆಯ ಮಳೆ ನಕ್ಷೆಯಲ್ಲಿ ವಾಡಿಕೆ ಮಳೆಗೆ ಹಸಿರು, ಶೇ. 20ರಿಂದ 59ರವರೆಗಿನ ಕೊರತೆಗೆ ಕೆಂಪು, ಅದಕ್ಕೂ ಮೀರಿದ ತೀವ್ರ ಕೊರತೆಗೆ ಹಳದಿ. ಸೂಚಿ ನೋಡದವರಿಗೆ ಕೆಂಪೇ ಹೆಚ್ಚಿನ ಅಪಾಯ. ಕೆಂಪು–ಹಸಿರು ಬಣ್ಣಗುರುಡು ಇರುವವರಿಗೆ ವಾಡಿಕೆಯೂ ಕೊರತೆಯೂ ಒಂದೇ ಆಗಿ ಕಾಣಬಹುದು. ಇನ್ನೊಂದು ತೊಡಕು ಜಿಲ್ಲೆಗೊಂದೇ ಬಣ್ಣ ಎಂಬುದು. ನಾಸಿಕ ಜಿಲ್ಲೆಯ ಪಶ್ಚಿಮದಲ್ಲಿ ಇಗತ್‌ಪುರಿ ಘಟ್ಟದ ಜಡಿಮಳೆಯ ಊರು. ಪೂರ್ವದ ಯೇವಲಾ ಮಳೆನೆರಳಿನದು. ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಅಥಣಿಗಳ ಸ್ಥಿತಿಯೂ ಹೀಗೆಯೇ. ತಾಲೂಕುಗಳ ಹೆಸರನ್ನು ಒಂದರ ಕೆಳಗೊಂದು ಬರೆದು, ವಾಡಿಕೆಯ ಶೂನ್ಯ ಗೆರೆಯ ಎಡಬಲಕ್ಕೆ ಒಂದೊಂದು ಚುಕ್ಕಿಯಿಟ್ಟರೆ ಕೊರತೆಯ ಪ್ರಮಾಣ ಸ್ಥಾನವಾಗಿ ಕಾಣುತ್ತದೆ, ನಕ್ಷೆಗೆ ಊರು ಎಲ್ಲಿದೆ ಎಂದು ಹೇಳುವ ಕೆಲಸವಷ್ಟೇ ಉಳಿಯುತ್ತದೆ.