ಬಾಗಿಲು ಹಾಕಿದ ಕೋಣೆಯ ಚರಿತ್ರೆ

2020ರ ಮಾರ್ಚ್ 16, ಸೋಮವಾರ. ಬೇ ಏರಿಯಾದ ಆರು ಕೌಂಟಿಗಳ ಆರೋಗ್ಯಾಧಿಕಾರಿಗಳು ಒಟ್ಟಾಗಿ, ಯಾರೂ ಮನೆ ಬಿಟ್ಟು ಹೊರಡಕೂಡದೆಂದು ಆಜ್ಞೆ ಹೊರಡಿಸಿದರು. ಕೋವಿಡ್ ಕಾಲದ ಅಮೆರಿಕದಲ್ಲಿ ಇಂಥ ಆಜ್ಞೆ ಅದೇ ಮೊದಲು. ಒಂಬತ್ತೇ ದಿನಕ್ಕೆ ಯುಗಾದಿ. ಬೇವು-ಬೆಲ್ಲ ಹಂಚಿಕೊಳ್ಳಲು ಯಾರೂ ಬರದ ಯುಗಾದಿ! ಲಾಸ್ ಗ್ಯಾಟೋಸಿನ ನಮ್ಮ ಮನೆಗಳಲ್ಲಿ ಊಟದ ಮೇಜು ಆಫೀಸಾಯಿತು, ಮಕ್ಕಳು ತಂತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮೂರು ವಾರದ ಮಾತು ಅಂದುಕೊಂಡಿದ್ದೆವು. ಆಗಸ್ಟ್‌ನಲ್ಲಿ ಹೊಸ ಶಾಲಾ ವರ್ಷವೂ ಪರದೆಯ ಮೇಲೇ ಶುರುವಾಯಿತು.

ಆ ಪರದೆಯಾದರೂ ನಮ್ಮ ನೆರೆಹೊರೆಯದೇ. ನೆಟ್‌ಫ್ಲಿಕ್ಸ್ ನಮ್ಮೂರಿನದು, ಜ಼ೂಮ್ ಪಕ್ಕದ ಸ್ಯಾನ್ ಹೋಸೆಯದು. 2020ರ ಮೊದಲ ಮೂರು ತಿಂಗಳಲ್ಲೇ ನೆಟ್‌ಫ್ಲಿಕ್ಸಿಗೆ ಸುಮಾರು 1 ಕೋಟಿ 57 ಲಕ್ಷ ಹೊಸ ಚಂದಾದಾರರು ಸೇರಿದರು. ಹಗಲೆಲ್ಲ ಅದಕ್ಕೆ ದುಡಿದು, ರಾತ್ರಿ ಮಕ್ಕಳಿಗೆ "ಸಾಕು, ಆರಿಸು" ಎಂದು ಗದರಿದವರು ನಮ್ಮಲ್ಲೇ ಇದ್ದಾರೆ.

ಅತ್ತ ತಾಯ್ನಾಡಿನಲ್ಲಿ ಇದೇ ಜಗಳ ಕೋರ್ಟಿನ ಮೆಟ್ಟಿಲೇರಿತ್ತು. ಪುಟ್ಟ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಕರ್ನಾಟಕ ಸರ್ಕಾರ 2020ರ ಜೂನ್‌ನಲ್ಲಿ ನಿರ್ಬಂಧ ಹೇರಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಸರ್ಕಾರದ ಕಾಳಜಿ ಸುಳ್ಳಲ್ಲ. ಅಂತರಜಾಲದ ಗೀಳಿಗೆ ಚಿಕಿತ್ಸೆ ಕೊಡುವ ‘ಶಟ್’ ಎಂಬ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತೆರೆದಿತ್ತು. ಆದರೆ ಶಿಕ್ಷಣದ ಹಕ್ಕನ್ನು ಹೀಗೆ ತಡೆಯಲಾಗದು ಎಂಬ ನ್ಯಾಯಾಲಯದ ಮಾತೂ ನಿಜವೇ. ಮೊಬೈಲೇ ಇಲ್ಲದ ಮನೆಗಳಿಗಾಗಿ ಮೇಷ್ಟ್ರುಗಳು ಆ ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಹೆಸರಲ್ಲಿ ದೇವಸ್ಥಾನದ ಜಗಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, ಜನವರಿಯಲ್ಲಿ ಮತ್ತೆ ಶುರುವಾಯಿತು.

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಿಂದ ಬಂದ ಒಂದು ಫೋಟೋ ನಿಮಗೆ ನೆನಪಿರಬಹುದು. ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ, ಸುರಿವ ಮಳೆಯಲ್ಲಿ ಕೂತು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಅಪ್ಪ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಾರೆ. ನಾವೆಲ್ಲ ಅದನ್ನು ಕಂಡು ಮರುಗಿದೆವು, ಒಬ್ಬರಿಗೊಬ್ಬರು ಕಳಿಸಿಕೊಂಡೆವು. ನೆಟ್‌ವರ್ಕ್ ಇಲ್ಲದ ಬಡತನವೊಂದೇ ನಮಗಾಗ ಕಂಡದ್ದು.

ನಮ್ಮ ಕೋಣೆಗಳಲ್ಲಿ ನೆಟ್‌ವರ್ಕಿಗೇನೂ ಕೊರತೆಯಿರಲಿಲ್ಲ, ಕೊಡೆ ಹಿಡಿದವರಿರಲಿಲ್ಲ, ಅಷ್ಟೆ. ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್ಎಫ್‌ನ ಜೇಸನ್ ನಗಾಟಾ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ 12-13ರ ಮಕ್ಕಳು, ಶಾಲೆಯ ಪಾಠ ಬಿಟ್ಟು, ದಿನಕ್ಕೆ 7.7 ತಾಸು ಪರದೆ ನೋಡುತ್ತಿದ್ದರು, ಮೊದಲಿದ್ದದ್ದು 3.8. ಪತ್ರಿಕೆಗಳು ಈ ಅಂಕಿಗೇ ಜೋತುಬಿದ್ದವು. ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಾಲು: ಸುತ್ತಲಿನವರ ಆಸರೆ ಹೆಚ್ಚಿದ್ದ ಮಕ್ಕಳಲ್ಲಿ ಪರದೆಯ ಹೊತ್ತು ಕಡಿಮೆಯಿತ್ತು. ಯಾವುದರಿಂದ ಯಾವುದು ಎಂದು ಆ ಅಧ್ಯಯನ ಹೇಳುವುದಿಲ್ಲ. ಆದರೂ ನಾವು ಗಡಿಯಾರವನ್ನಷ್ಟೇ ನೋಡಿದೆವೇನೋ ಎಂಬ ಅಳುಕು ಹೋಗಿಲ್ಲ.

2021ರ ಡಿಸೆಂಬರ್‌ನಲ್ಲಿ ಅಮೆರಿಕದ ಸರ್ಜನ್ ಜನರಲ್ ಮಕ್ಕಳ ಮನಸ್ಸಿನ ಆರೋಗ್ಯದ ಕುರಿತು ಇಡೀ ದೇಶಕ್ಕೇ ಎಚ್ಚರಿಕೆ ಕೊಟ್ಟರು. ಆ ವರ್ಷದ ಮೊದಲಲ್ಲಿ, ಆತ್ಮಹತ್ಯಾ ಪ್ರಯತ್ನದ ಶಂಕೆಯಿಂದ ತುರ್ತು ಚಿಕಿತ್ಸೆಗೆ ಬಂದ ಹದಿಹರೆಯದ ಹುಡುಗಿಯರ ಪ್ರಮಾಣ 2019ರ ಅದೇ ಅವಧಿಗಿಂತ ಶೇ. 51ರಷ್ಟು ಹೆಚ್ಚಿತ್ತೆಂದು ಅದರಲ್ಲಿದೆ. ಎಚ್ಚರಿಕೆ ಕೊಟ್ಟವರು ಡಾ. ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರು. "ನಮ್ಮ ಹುಡುಗ" ಎಂದು ಹೆಮ್ಮೆಪಟ್ಟೆವು. ಆತ ಬರೆದದ್ದನ್ನು ಎಷ್ಟು ಮಂದಿ ಓದಿದೆವೋ! ಒಂಟಿತನವನ್ನೇ ಕುರಿತ ಅವರ ಪುಸ್ತಕ ಹೊರಬಂದದ್ದು 2020ರ ಏಪ್ರಿಲ್‌ನಲ್ಲಿ, ನಾವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ.

ನಮ್ಮ ಬಳಗದ ಒಂದು ಮನೆಯ ಸಂಗತಿ, ಮನೆಯವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇವೆ. ಮಗ ತರಗತಿಗೆ ತಪ್ಪದೆ ಹಾಜರು, ಅಂಕಗಳೂ ಚೆನ್ನಾಗಿದ್ದವು. ವರ್ಷವಿಡೀ ಆತ ಕ್ಯಾಮೆರಾ ಆರಿಸಿಕೊಂಡೇ ಕೂತಿದ್ದ ಎಂಬುದು ಗೋಡೆಯಾಚೆ ಕೂತ ಅಪ್ಪ-ಅಮ್ಮನಿಗೆ ತಿಳಿದಿರಲಿಲ್ಲ. ಶಿವಮೊಗ್ಗದ ಅಜ್ಜಿಯ ವಾಟ್ಸಾಪ್ ಕರೆಗೆ ಮಾತ್ರ ಮುಖ ತೋರಿಸಲೇಬೇಕಿತ್ತು. ಒಂದು ಭಾನುವಾರ ಅಜ್ಜಿ ಕೇಳಿದರಂತೆ: "ಯಾಕೋ ಪುಟ್ಟ, ಮುಖ ಸಣ್ಣಗಾಗಿದೆ? ಅಮ್ಮನ್ನ ಕರಿ, ನಾನು ಮಾತಾಡ್ತೀನಿ."