ಸೀಮಿತ ಸಂಚಾರದ ಎಲ್ಲೆ: ಸೊರಟೂರ ಪರಿಸರದಿಂದ ಜಿಎಸ್‌ಎಂ–ಸಿಡಿಎಂಎ ವಿವಾದದ ಪುನರ್ವಿಮರ್ಶೆ

ಭಾರತದ ಸಂಚಾರಿ ದೂರವಾಣಿಯ ಇತಿಹಾಸದಲ್ಲಿ ಸರ್ವಸಮ್ಮತವಾದ ಸಂಗತಿಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1994ರ ರಾಷ್ಟ್ರೀಯ ನೀತಿ, ಜಿಎಸ್‌ಎಂ ಪದ್ಧತಿಯನ್ನೇ ವಿಧಿಸಿದ ಮೊದಲ ಸೆಲ್ಯುಲಾರ್ ಪರವಾನಗಿಗಳು, 1999ರ ಹೊಸ ನೀತಿ, 2001ರ ಜನವರಿಯಲ್ಲಿ ಸ್ಥಿರ ದೂರವಾಣಿ ಕಂಪನಿಗಳಿಗೆ ದೊರೆತ ‘ಸೀಮಿತ ಸಂಚಾರ’ದ ಅನುಮತಿ, 2002ರ ಡಿಸೆಂಬರಿನಲ್ಲಿ ಸಿಡಿಎಂಎ ಪದ್ಧತಿಯೊಡನೆ ರಿಲಯನ್ಸ್ ಇನ್ಫೋಕಾಮ್ ಕಣಕ್ಕಿಳಿದದ್ದು, ಇವೆಲ್ಲ ಸುವಿದಿತ. ಆದರೆ ಮುಂದೆ ಜಿಎಸ್‌ಎಂ, ಸಿಡಿಎಂಎ ಕಂಪನಿಗಳ ನಡುವೆ ನಡೆದ ಕಲಹವನ್ನು ಎರಡು ತಂತ್ರಪದ್ಧತಿಗಳ ಶ್ರೇಷ್ಠತೆಯ ಹೋರಾಟವೆಂದು ನಿರೂಪಿಸುವ ವಾಡಿಕೆಯಿದೆ. ಆ ನಿರೂಪಣೆಯನ್ನು ನಾನು ಒಪ್ಪಲಾರೆ.

ಪದ್ಧತಿಗಳೊಳಗಿನ ಭೇದ ನಿಜವಾದುದೇ. ಜಿಎಸ್‌ಎಂ 200 ಕಿಲೋಹರ್ಟ್ಸ್ ಅಗಲದ ಒಂದೊಂದು ತರಂಗಮಾರ್ಗವನ್ನು ಕಾಲದ ಎಂಟು ತುಣುಕುಗಳಾಗಿ ಒಡೆದು ಹಂಚುತ್ತದೆ; ಸಿಡಿಎಂಎ 1.25 ಮೆಗಾಹರ್ಟ್ಸ್ ಅಗಲದ ಮಾರ್ಗದಲ್ಲಿ ಎಲ್ಲರ ಮಾತನ್ನೂ ಏಕಕಾಲಕ್ಕೆ ಹರಿಯಿಸಿ, ಪ್ರತಿಯೊಂದನ್ನೂ ಅದರ ಸಂಕೇತದಿಂದ ಗುರುತಿಸುತ್ತದೆ. ಗ್ರಾಹಕನಿಗೆ ಈ ಭೇದ ಕಂಡದ್ದು ಫೋನಿನ ಬೆನ್ನಿನ ಮುಚ್ಚಳವನ್ನು ತೆಗೆದಾಗ: ಜಿಎಸ್‌ಎಂ ಫೋನಿನ ಬ್ಯಾಟರಿಯಡಿ ಸಿಮ್ ಕಾರ್ಡಿನ ಗೂಡು, ರಿಲಯನ್ಸಿನ ಆರಂಭದ ಸೆಟ್ಟುಗಳಲ್ಲಿ ಆ ಗೂಡೇ ಇಲ್ಲ, ಸಂಖ್ಯೆಯನ್ನು ಯಂತ್ರದೊಳಗೇ ನಮೂದಿಸಲಾಗಿತ್ತು.

ಆದರೆ ದೂರಸಂಪರ್ಕ ವಿವಾದಗಳ ನ್ಯಾಯಾಧಿಕರಣದ ಮುಂದೆ ಬಂದ ಪ್ರಶ್ನೆ ಬೇರೆ. ಸೀಮಿತ ಸಂಚಾರದ ಅನುಮತಿಯಂತೆ ಫೋನು ತನ್ನ ‘ಅಲ್ಪದೂರ ಶುಲ್ಕ ಕ್ಷೇತ್ರ’ವನ್ನು ದಾಟುವಂತಿರಲಿಲ್ಲ. ಈ ಕ್ಷೇತ್ರಗಳು ಬಹುಮಟ್ಟಿಗೆ ತಾಲೂಕಿನ ಗಾತ್ರದವು. ಒಂದೊಂದಕ್ಕೂ ಪ್ರತ್ಯೇಕ ಎಸ್‌ಟಿಡಿ ಸಂಕೇತ. ಗದಗ ಜಿಲ್ಲೆಯ ಸೊರಟೂರದ ಸುತ್ತಲಿನ ಪ್ರದೇಶವನ್ನೇ ಪರಿಶೀಲಿಸಿದರೆ, ಗದಗ–ಬೆಟಗೇರಿಗೆ 08372, ಶಿರಹಟ್ಟಿ–ಲಕ್ಷ್ಮೇಶ್ವರಗಳಿಗೆ 08487, ಮುಂಡರಗಿಗೆ 08371 ಎಂಬ ಮೂರು ಸಂಕೇತಗಳು ಕಾಣುತ್ತವೆ. ಆದುದರಿಂದ ಶಿರಹಟ್ಟಿಯಲ್ಲಿ ನೋಂದಾಯಿಸಿದ ಸೀಮಿತ ಸಂಚಾರದ ಫೋನನ್ನು ಜೇಬಿನಲ್ಲಿಟ್ಟುಕೊಂಡು ಗದಗದ ಎಪಿಎಂಸಿಗೆ ಮೆಣಸಿನಕಾಯಿ ಒಯ್ಯುತ್ತಿದ್ದ ರೈತನಿಗೆ, ಧಾರಣೆ ತಿಳಿಸುವ ಕರೆ ಅತ್ಯವಶ್ಯವಾದ ಸ್ಥಳದಲ್ಲಿಯೇ, ನಿಯಮದ ಪ್ರಕಾರ ಆ ಫೋನು ನಿಷ್ಪ್ರಯೋಜಕವಾಗಿತ್ತು. ಸಿಡಿಎಂಎ ತಂತ್ರಕ್ಕೆ ಇಂತಹ ಎಲ್ಲೆ ಸಹಜವಲ್ಲ. ಅಮೆರಿಕದಲ್ಲಿಯೂ ಕೊರಿಯದಲ್ಲಿಯೂ ಅದು ಪೂರ್ಣ ಸಂಚಾರದ ಪದ್ಧತಿಯಾಗಿಯೇ ನಡೆದಿತ್ತು.

ಹಾಗಾದರೆ ಈ ಎಲ್ಲೆಯನ್ನು ಎಳೆದುದೇಕೆ? ಉತ್ತರ ಪರವಾನಗಿಯ ಬೆಲೆಯಲ್ಲಿದೆ. 2001ರ ಹರಾಜಿನಲ್ಲಿ ಕರ್ನಾಟಕದ ನಾಲ್ಕನೆಯ ಸೆಲ್ಯುಲಾರ್ ಪರವಾನಗಿಗೆ ಸಂದ ಮೊತ್ತ 206.83 ಕೋಟಿ ರೂಪಾಯಿ. ಅದೇ ದೂರಸಂಪರ್ಕ ವರ್ತುಲದಲ್ಲಿ ಸ್ಥಿರ ದೂರವಾಣಿಯ ಪ್ರವೇಶ ಶುಲ್ಕ 35 ಕೋಟಿ. ಅಲ್ಪ ಶುಲ್ಕ ತೆತ್ತವನು ಅಧಿಕ ಶುಲ್ಕ ತೆತ್ತವನ ವ್ಯಾಪಾರವನ್ನು ಕೈಗೊಳ್ಳಬಾರದೆಂಬುದು ಜಿಎಸ್‌ಎಂ ಕಂಪನಿಗಳ ಸಂಘದ ವಾದದ ತಿರುಳು. ಪ್ರತಿಪಕ್ಷದ ಸೀಮಿತ ಸಂಚಾರದ ಕಂಪನಿಯವರು ಒಂದೇ ಫೋನನ್ನು ಹಲವು ಕ್ಷೇತ್ರಗಳಲ್ಲಿ ನೋಂದಾಯಿಸಿ, ಕರೆಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಎಲ್ಲೆಯನ್ನು ಹೆಸರಿಗೆ ಮಾತ್ರ ಉಳಿಸಿದರು. 2003ರ ಆಗಸ್ಟಿನಲ್ಲಿ ನ್ಯಾಯಾಧಿಕರಣ ಬಹುಮತದಿಂದ ಸೀಮಿತ ಸಂಚಾರವನ್ನು ಎತ್ತಿಹಿಡಿಯಿತು. ನವೆಂಬರಿನಲ್ಲಿ ಸರಕಾರ ಏಕೀಕೃತ ಪರವಾನಗಿಯನ್ನು ಜಾರಿಗೆ ತಂದು, ನಾಲ್ಕನೆಯ ಪರವಾನಗಿಯ ಬೆಲೆಗೂ ಮೊದಲು ಕೊಟ್ಟ ಶುಲ್ಕಕ್ಕೂ ಇರುವ ಅಂತರವನ್ನು ತೆತ್ತವರಿಗೆ ಪೂರ್ಣ ಸಂಚಾರವನ್ನು ಅನುಗ್ರಹಿಸಿತು. ಗೋಪುರಗಳೂ ಫೋನುಗಳೂ ಹಿಂದಿನವೇ; ಹಣ ಸಂದಾಯವಾದೊಡನೆ ಎಲ್ಲೆ ಅಳಿಯಿತು. ವಿವಾದದ ಬೇರು ತರಂಗದಲ್ಲಿರದೆ ಪರವಾನಗಿಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಸರಕಾರಿ ಕಂಪನಿಯಾದ ಬಿಎಸ್‌ಎನ್‌ಎಲ್ 2002ರ ಅಕ್ಟೋಬರಿನಲ್ಲಿ ಜಿಎಸ್‌ಎಂ ಸೇವೆಯಾದ ಸೆಲ್‌ಒನ್ ಆರಂಭಿಸಿಯೂ ಸಿಡಿಎಂಎ ಆಧಾರದ ಡಬ್ಲ್ಯುಎಲ್‌ಎಲ್ (ತಂತಿರಹಿತ ಸ್ಥಳೀಯ) ಸಂಪರ್ಕಗಳನ್ನು ನಡೆಸಿದುದು, ಎಂದರೆ ಎರಡು ಪದ್ಧತಿಗಳೂ ಒಂದೇ ಸಂಸ್ಥೆಯಲ್ಲಿ ಕೂಡಿ ನಡೆದುದು, ಈ ನಿರ್ಣಯಕ್ಕೆ ಪೋಷಕ.

ಈ ನಿರ್ಣಯವನ್ನು ಅದರ ಮಿತಿಯಲ್ಲಿಯೇ ಗ್ರಹಿಸಬೇಕು. ಮೊದಲನೆಯದಾಗಿ, ಇದು 2001ರಿಂದ 2003ರ ವರೆಗಿನ ಅವಧಿಗೆ ಮಾತ್ರ ಅನ್ವಯಿಸುತ್ತದೆ. ತರುವಾಯ ತರಂಗಾಂತರ ಹಂಚಿಕೆಯಲ್ಲಿ ಜಿಎಸ್‌ಎಂಗೆ 4.4 ಮೆಗಾಹರ್ಟ್ಸ್‌ನಿಂದಲೂ ಸಿಡಿಎಂಎಗೆ 2.5 ಮೆಗಾಹರ್ಟ್ಸ್‌ನಿಂದಲೂ ಲೆಕ್ಕ ಹಿಡಿದಾಗ ತಂತ್ರದ ಗುಣವೇ ವಾದವಸ್ತುವಾಯಿತು. ಎರಡನೆಯದಾಗಿ, ರಾಯಲ್ಟಿಯ ವಿಷಯದಲ್ಲಿ ಸಿಡಿಎಂಎ ಪೇಟೆಂಟುಗಳ ಒಡೆತನದ ಕ್ವಾಲ್ಕಾಮ್ ಕಂಪನಿಯೊಡನೆ ರಿಲಯನ್ಸಿಗೆ 2006ರಲ್ಲಿ ಉಂಟಾದ ಭಿನ್ನಾಭಿಪ್ರಾಯವೂ, 2007ರ ಅಕ್ಟೋಬರಿನಲ್ಲಿ ಒಂದೇ ಖಾಸಗಿ ಕಂಪನಿ ಎರಡು ಪದ್ಧತಿಗಳನ್ನೂ ನಡೆಸಲು ದೊರೆತ ಸಮ್ಮತಿಯೂ ತಂತ್ರದ ಆಯ್ಕೆಯಿಂದಲೇ ಹುಟ್ಟಿದವು. ಮೂರನೆಯದಾಗಿ, ಸಿಮ್ ಇಲ್ಲದ ಫೋನು ಗ್ರಾಹಕನನ್ನು ಒಂದೇ ಕಂಪನಿಗೆ ಕಟ್ಟಿಹಾಕಿದುದರಿಂದ, ತಂತ್ರವು ವ್ಯಾಪಾರಕ್ಕೆ ಕೇವಲ ಹೊದಿಕೆಯಾಗಿತ್ತೆನ್ನುವುದೂ ಅತಿಯಾದೀತು.

ಸ್ಪರ್ಧೆಯ ಫಲವಾಗಿ ಕರೆಯ ದರ ಇಳಿದುದು ನಿರ್ವಿವಾದ. ಆ ಇಳಿಕೆಯಲ್ಲಿ ಸಿಡಿಎಂಎ ಪ್ರವೇಶದ ಪಾಲೆಷ್ಟು, ಒಳಬರುವ ಕರೆಯ ಶುಲ್ಕವನ್ನು ತೊಡೆದ 2003ರ ಮೇ ತಿಂಗಳ ವ್ಯವಸ್ಥೆಯ ಪಾಲೆಷ್ಟು ಎಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ. ಅದಕ್ಕೆ ಬೇಕಾದ ಆಧಾರ ದೆಹಲಿಯ ಕಡತಗಳಲ್ಲಿ ಮಾತ್ರವಲ್ಲ, ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಮನೆ, ಅಂಗಡಿ, ಅಡತಿಗಳ ಹಳೆಯ ಬಿಲ್ಲುಗಳಲ್ಲಿಯೂ ಇದೆ. ಅವನ್ನು ರದ್ದಿಗೆ ಹಾಕದೆ ಕಾಯ್ದಿಡಬೇಕೆಂದು ಈ ಭಾಗದ ಓದುಗರಲ್ಲಿ ನನ್ನ ವಿನಂತಿ.