ಇಕ್ಕೇರಿಯ ದಾರಿಯಲ್ಲಿ

ಹೊನ್ನಾವರದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಸಾಗರಕ್ಕೆ ಹೊರಟಾಗ ನಮ್ಮ ಪುಟ್ಟ ಕಾರಿನಲ್ಲಿ ಇದ್ದದ್ದು ನಾವಿಬ್ಬರೇ. ಹಿಂದಿನ ಸೀಟಿನಲ್ಲಿ ಮದುವೆಮನೆಯವರು ಕೊಟ್ಟ ತೆಂಗಿನಕಾಯಿಯ ಚೀಲದ ಪಕ್ಕಕ್ಕೆ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಕೂತಿದ್ದ. ಅಂದರೆ ಅವನ ಕಾಗದಗಳ ಪುಸ್ತಕ. ನನ್ನ ಹೆಂಡತಿ ತಿರುಗಿ ನೋಡಿ, "ಇವನನ್ನೂ ಕರೆದುಕೊಂಡು ಬಂದಿರಾ?" ಎಂದಳು.

ಅವಳ ಬೇಸರಕ್ಕೆ ಕಾರಣವಿಲ್ಲದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೆ ತರಗತಿಯಲ್ಲಿ ಉಳಿದುಕೊಂಡವಳು ಅವಳೊಬ್ಬಳೇ. ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ, ಸಾಗರ ದಾಟಿ ಇಕ್ಕೇರಿಗೆ ಹೋದವನು. ಮೆಣಸಿನ ವ್ಯಾಪಾರ, ರಾಜಕೀಯ ಎರಡನ್ನೂ ಹೊತ್ತು ಪೋರ್ಚುಗೀಸರ ರಾಯಭಾರಿಯೊಬ್ಬ ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ. ಇವನು ಬರೀ ನೋಡುವ ಆಸೆಗೆ ಅವರ ಜೊತೆ ಬಿದ್ದವನು. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಕಾಗದ ಬರೆದ. ಅವು ಇಂಗ್ಲಿಷಿನಲ್ಲಿ 1892ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದವು. ಅವನು ಹೋದ ದಾರಿಯಲ್ಲೇ, ಅವನು ಹೋದ ನವೆಂಬರ್ ತಿಂಗಳಲ್ಲೇ ಒಮ್ಮೆ ಹೋಗಬೇಕೆಂಬುದು ನನ್ನ ಹಳೆಯ ಆಸೆ. 2025ರಲ್ಲಿ ಅದು ಕೂಡಿಬಂತು. ಅವಳ ಆಸೆ ಬೇರೆ. ಸಾಗರದ ಹತ್ತಿರ ಅವಳ ಅಣ್ಣನ ಮನೆ ಇದೆ, ಜೊತೆಗೆ ಹಿನ್ನೀರಿನ ಮೇಲೆ ಹೊಸದಾಗಿ ಆದ ಸೇತುವೆಯನ್ನು ನೋಡಬೇಕು.

ಹೊನ್ನಾವರದಲ್ಲಿ ಬನ್ಸು, ಅವಲಕ್ಕಿ ತಿಂದು, ಒಂದೊಂದು ಲೋಟ ಮುರುಗಲ ಪಾನಕ ಕುಡಿದು ಹೊರಟೆವು. ಸ್ವಲ್ಪ ದೂರದಲ್ಲೇ ಶರಾವತಿ ಬಲಗಡೆಗೆ ಜೊತೆಯಾಗುತ್ತಾಳೆ. ತೆಂಗು, ಅಡಕೆ, ನಡುವೆ ಕೆಂಪು ಹಂಚಿನ ಮನೆ, ಮನೆಯ ಹಿಂದೆ ಕಟ್ಟಿಹಾಕಿದ ದೋಣಿ. ದೆಲ್ಲಾ ವಾಲ್ಲೆ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದ. ಎರಡು ದಂಡೆಯ ಹಸಿರನ್ನು ಕಂಡು ಮನಸೋತು ಹೊಗಳಿದ್ದಾನೆ. ನಾನು ಕಾರು ನಿಲ್ಲಿಸಿ ಆ ಪುಟ ತೆಗೆದು ಓದಿದೆ. ಅವಳು ಅಷ್ಟು ಹೊತ್ತೂ ಹೊಳೆಯನ್ನೇ ನೋಡುತ್ತಿದ್ದವಳು, "ಓದುವುದು ಮುಗಿಯಿತಾದರೆ ನೀವೂ ಒಂದು ಸಲ ನೋಡಿ" ಎಂದಳು.

ಗೇರುಸೊಪ್ಪೆಯನ್ನು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದವಳು ಚೆನ್ನಭೈರಾದೇವಿ. ಕರಾವಳಿಯ ಮೆಣಸು ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ದೆಲ್ಲಾ ವಾಲ್ಲೆ ಬರುವ ಹೊತ್ತಿಗೆ ಅವಳ ರಾಜ್ಯವನ್ನು ವೆಂಕಟಪ್ಪ ನಾಯಕ ನುಂಗಿಯಾಗಿತ್ತು. ಊರು ಆಗಲೇ ಹಾಳು ಬಿದ್ದು ಕಾಡು ಬೆಳೆದಿತ್ತೆಂದು ಅವನು ಬರೆದಿದ್ದಾನೆ. ಈಗ ಹೊಳೆಯಾಚೆಯ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿಯೊಂದು ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಿಗೆ ಹೋದರೂ ಎದುರಿಗೆ ಜಿನಬಿಂಬ. ಸುತ್ತ ಒಂದು ದೊಡ್ಡ ಪಟ್ಟಣವಿತ್ತೆಂದು ಹೇಳಿದರೆ ನಂಬುವಂತಿಲ್ಲ. ಮರದ ಬೇರಿನ ನಡುವೆ ಅಡಿಪಾಯದ ಕಲ್ಲು ಸಿಗುತ್ತದೆ, ಅಷ್ಟೆ. "ಊರು ಇಷ್ಟು ಬೇಗ ಹೋಗುತ್ತದಾ?" ಎಂದು ಅವಳು ಕೇಳಿದಳು. ನಾನು ರಾಜಕೀಯ ಕಾರಣಗಳನ್ನು ವಿವರಿಸತೊಡಗಿದೆ. ಅವಳು ಅದನ್ನು ಕೇಳಿರಲಿಲ್ಲ ಎಂದು ಹೊಳೆದದ್ದು ಮಾರನೆಯ ದಿನ.

ಘಟ್ಟದ ತಿರುವುಗಳಲ್ಲಿ ಪುಸ್ತಕ ಓದುವಂತಿಲ್ಲವಾದ್ದರಿಂದ ನೆನಪಿನಿಂದ ಹೇಳುತ್ತ ಹೋದೆ. ಈ ದಾರಿಯಲ್ಲೆಲ್ಲೋ ಒಂದು ಗುಡಿಯ ಜಗಲಿಯಲ್ಲಿ, ಆಳುಗಳು ಹೊರೆ ಕಟ್ಟಿಕೊಳ್ಳುವ ತನಕ, ದೆಲ್ಲಾ ವಾಲ್ಲೆ ನಾಲ್ಕು ಹುಡುಗರನ್ನು ನೋಡುತ್ತ ಕೂತಿದ್ದ. ಅವರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ರಾಗವಾಗಿ ಹೇಳುತ್ತ ಬೆರಳಲ್ಲಿ ಬರೆಯುವುದು, ಉಳಿದವರು ಅದೇ ರಾಗದಲ್ಲಿ ಹೇಳಿ ಬರೆಯುವುದು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ಮೇಷ್ಟರು ಇರಲಿಲ್ಲ. ಮರೆತುಹೋದರೆ, ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ಹೇಳುತ್ತಾನೆ ಎಂದರು ಹುಡುಗರು. ಇದಕ್ಕಿಂತ ಸುಲಭವಾದ, ಭದ್ರವಾದ ಕಲಿಕೆಯ ರೀತಿ ಇಲ್ಲವೆಂದು ಅವನಿಗೆ ಅನಿಸಿತು.

"ನಾವೂ ಮರಳಲ್ಲೇ ಬರೆದದ್ದು" ಎಂದಳು ಅವಳು.

"ಎಲ್ಲಿ?"

"ಊರಲ್ಲಿ. ಶಾಲೆ ಅಂತ ಒಂದು ಜಗಲಿ ಇತ್ತು. ನಾನು ಹೋದದ್ದು ಒಂದೇ ವರ್ಷ."

ಊರು ಎಂದರೆ ಅಣ್ಣನ ಈಗಿನ ಊರಲ್ಲ. ಲಿಂಗನಮಕ್ಕಿಯ ನೀರಿನಡಿ ಇರುವ ಊರು. ಮದುವೆಯಾದಾಗಿನಿಂದ ನನಗೆ ಗೊತ್ತಿದ್ದದ್ದು ಅವರು ಮುಳುಗಡೆಯವರು ಎಂಬ ಒಂದು ಪದ. ಆ ಒಂದು ಪದದ ಆಚೆ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಜೋಗದಲ್ಲಿ ಮಳೆಗಾಲದ ಅಬ್ಬರ ಇಳಿದಿತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಇದ್ದವು, ಆದರೆ ಸೊರಗಿದ್ದವು. 830 ಅಡಿ ಬೀಳುವ ಈ ನೀರಿನಿಂದ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಯಿತು. ಅದಕ್ಕೆ ನೀರು ಕೂಡಿಡಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಯಿತು. ಹದಿನಾರು ವರ್ಷದ ಮೇಲೆ, 1964ರಲ್ಲಿ, ಕೆಳಗೆ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದಿತು. ಆಗ ಹಿರೇಭಾಸ್ಕರವೇ ಅದರ ನೀರಿನಲ್ಲಿ ಮುಳುಗಿತು. ಊರನ್ನು ಮುಳುಗಿಸಿದ ಅಣೆಕಟ್ಟನ್ನೂ ಮುಳುಗಿಸಿದ ಅಣೆಕಟ್ಟು ಎನ್ನಬಹುದು. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯದು ತಲೆಯೆತ್ತುವುದುಂಟು. ಲಿಂಗನಮಕ್ಕಿಯ ನೀರು ಹರಡಿದ್ದು ಸುಮಾರು 300 ಚದರ ಕಿಲೋಮೀಟರ್. ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ಈ ಅಂಕಿಗಳನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಬಯಲುಸೀಮೆಯ ನಮ್ಮೂರಿಗೆ ದೀಪ ಬಂದದ್ದು ಇಲ್ಲಿಂದಲೇ ಅಲ್ಲವೇ? ಆ ದಿನ ಮಾತ್ರ ಅವಳ ಪಕ್ಕದಲ್ಲಿ ನಿಂತು ಅವನ್ನು ಹೇಳುವ ಮನಸ್ಸಾಗಲಿಲ್ಲ.

ತಾಳಗುಪ್ಪದಲ್ಲಿ ತೊಡದೇವಿನ ಎರಡು ಕಟ್ಟು ಕೊಂಡೆವು. ಕಬ್ಬಿನಹಾಲು, ಅಕ್ಕಿಹಿಟ್ಟು ಕಲಸಿ, ಕಾದ ಮಡಕೆಯ ಬೆನ್ನಿಗೆ ಬಟ್ಟೆಯಲ್ಲಿ ಸವರಿ ತೆಗೆಯುವ ತಿಂಡಿ ಅದು. ಕಾಗದದಷ್ಟು ತೆಳು. ಅಣ್ಣನ ಮನೆ ಸೇರುವಷ್ಟರಲ್ಲಿ ಒಂದು ಕಟ್ಟು ನಾವೇ ಮುಗಿಸಿದ್ದೆವು.

ರಾತ್ರಿ ಅತ್ತಿಗೆ ಹಲಸಿನೆಲೆಯ ಕೊಟ್ಟೆಕಡುಬು, ಒಂದೆಲಗದ ತಂಬುಳಿ, ಉಪ್ಪುನೀರಿನಲ್ಲಿಟ್ಟ ಅಪ್ಪೆಮಿಡಿಯ ಅಪ್ಪೆಹುಳಿ ಮಾಡಿದ್ದರು. ಎಲೆಯ ತುದಿಗೆ ಮಿಡಿ ಉಪ್ಪಿನಕಾಯಿ. ಚೆನ್ನಾಗಿದೆ ಎಂದೆ.

"ಇದು ಕಸಿಗಿಡದ್ದು ಭಾವ" ಎಂದರು ಅಣ್ಣ. "ನಮ್ಮ ಹೊಳೆದಂಡೆಯ ಮರದ ಮಿಡಿ ಮುರಿದರೆ ಪರಿಮಳ ಹೆಬ್ಬಾಗಿಲವರೆಗೆ ಬರುತ್ತಿತ್ತು."

ಅಪ್ಪೆ ಹೊಳೆಯ ಬದಿಯ ಮರ. ಒಂದೊಂದು ಮರಕ್ಕೆ ಒಂದೊಂದು ಪರಿಮಳ, ಒಂದೊಂದು ಹೆಸರು. ಶರಾವತಿಯ ದಂಡೆಯ ಆ ಮರಗಳು ಊರಿನ ಜೊತೆಯಲ್ಲೇ ನೀರಿಗೆ ಹೋದವು. ಕೊನೆಯ ವರ್ಷ ಅವರ ಅಪ್ಪ ಮರವೆಲ್ಲ ಇಳಿಸಿ ಐದು ಭರಣಿ ಮಿಡಿ ಹಾಕಿಸಿದರಂತೆ. ಹೊಸ ಜಾಗದಲ್ಲಿ ಆರು ವರ್ಷ ಅದೇ ಉಪ್ಪಿನಕಾಯಿ. ಕೊನೆಯ ಭರಣಿ ಬರಿದಾದ ಮೇಲೂ ಅಮ್ಮ ಅದನ್ನು ತೊಳೆಯಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟಿದ್ದರು. ಯಾವಾಗಲಾದರೊಮ್ಮೆ ಬಟ್ಟೆ ಬಿಚ್ಚಿ ಮೂಸಿ ನೋಡುತ್ತಿದ್ದರು.

"ಅಜ್ಜ ಮೊದಲ ಅಣೆಕಟ್ಟಿಗೆ ಕೆಳಗಿನ ಗದ್ದೆ ಬಿಟ್ಟು ಮೇಲೆ ಬಂದು ಮನೆ ಕಟ್ಟಿದ್ದು" ಎಂದರು ಅಣ್ಣ. "ಅಪ್ಪ ಎರಡನೆಯದಕ್ಕೆ ಅದನ್ನೂ ಬಿಟ್ಟರು. ಇಲ್ಲಿಯ ಜಾಗದ ಹಕ್ಕುಪತ್ರಕ್ಕೆ ನಾನು ಈಗಲೂ ಅಲೆಯುತ್ತಿದ್ದೇನೆ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅರವತ್ತು ವರ್ಷ ಸಿಟ್ಟು ಇಟ್ಟುಕೊಳ್ಳುವುದು ಯಾರಿಗೂ ಆಗದು.

ಬೆಳಿಗ್ಗೆ ಮೂವರೂ ಇಕ್ಕೇರಿಗೆ ಹೋದೆವು. ಸಾಗರದಿಂದ ಆರು ಕಿಲೋಮೀಟರ್. ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಊರಿನಲ್ಲಿ ಈಗ ಹೇಳಿಕೊಳ್ಳಲು ಇರುವುದು ಅಘೋರೇಶ್ವರ ದೇವಸ್ಥಾನ. ಎದುರಿಗೆ ದೊಡ್ಡ ನಂದಿ. ಒಳಗೆ ನೆಲದ ಮೇಲೆ ಅಡ್ಡಬಿದ್ದ ಮೂವರು ನಾಯಕರ ರೂಪಗಳು. ಜನ ತುಳಿಯುವ ಜಾಗದಲ್ಲಿ ದೊರೆಗಳು ತಮ್ಮನ್ನು ಕೆತ್ತಿಸಿಕೊಂಡ ವಿನಯ ಅದು.

ಈ ಊರಿನ ಬೀದಿಯಲ್ಲಿ ದೆಲ್ಲಾ ವಾಲ್ಲೆ ಒಂದು ಸಂಜೆ ಕುದುರೆಯ ಮೇಲೆ ಬರುತ್ತಿದ್ದ ಹೆಂಗಸೊಬ್ಬಳನ್ನು ಕಂಡ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದ, ಅವಳು ಬೆಂಕಿಗೆ ಬೀಳಲು ನಿಶ್ಚಯಿಸಿದ್ದಳು. ದೆಲ್ಲಾ ವಾಲ್ಲೆ ಮನೆ ಹುಡುಕಿಕೊಂಡು ಹೋಗಿ ಅವಳೊಡನೆ ಮಾತಾಡಿದ, ಬೇಡವೆಂದು ಬೇಡಿಕೊಂಡ. ಅವಳ ಗಂಡ ಡೋಲು ಬಾರಿಸುವವನು. ಅವನು ಬರೆದುಕೊಂಡ ಹೆಸರನ್ನು ನಮ್ಮ ಬಾಯಿಗೆ ತಂದರೆ ಜಕ್ಕಮ್ಮ ಎಂದಾಗುತ್ತದೆ.

ಆ ಮಾತುಕತೆಯ ಸಂಕಟ ತಿಳಿಯಬೇಕಾದರೆ ಅವನ ಕತೆ ಗೊತ್ತಿರಬೇಕು. 1616ರಲ್ಲಿ ಅವನು ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಗಂಡ ಹೆಂಡತಿ ಇಬ್ಬರೂ ಐದು ವರ್ಷ ಪರ್ಷಿಯದಲ್ಲಿ ಸುತ್ತಿದರು. 1621ರ ಡಿಸೆಂಬರಿನಲ್ಲಿ, ಭಾರತದ ಕಡೆ ಹೊರಟವರು, ಹೋರ್ಮುಜ್ ಸಮೀಪದ ಮಿನಾಬಿನಲ್ಲಿ ನಿಂತಾಗ, ಬಸಿರು ಇಳಿದು ಜ್ವರ ಬಂದು ಮಾನಿ ತೀರಿಕೊಂಡಳು. ಅವನು ಅವಳನ್ನು ಅಲ್ಲಿ ಹೂಳಲಿಲ್ಲ. ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೆ ತಿಳಿಯದಂತೆ ಸಾಮಾನಿನ ನಡುವೆ ಬಚ್ಚಿಟ್ಟು ಭಾರತಕ್ಕೆ ತಂದ. ಇಲ್ಲಿಂದ ರೋಮಿಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿಟ್ಟ. ಗಂಡನಿಗಾಗಿ ಸಾಯಹೊರಟವಳ ಎದುರು, ಸತ್ತ ಹೆಂಡತಿಯನ್ನು ಬಿಡಲಾರದವನು ಕೂತಿದ್ದ.

"ಆಮೇಲೆ ಇನ್ನೊಂದು ಮದುವೆಯಾದನಾ?" ಅವಳ ಪ್ರಶ್ನೆ.

"ಆದ. ಮಾನಿ ಸಾಕಿಕೊಂಡಿದ್ದ ಜಾರ್ಜಿಯದ ಹುಡುಗಿಯನ್ನೇ."

"ಸರಿ ಬಿಡಿ" ಎಂದು ನಕ್ಕಳು. ನಂದಿಯ ನೆರಳಲ್ಲಿ ಸ್ವಲ್ಪ ಹೊತ್ತು ಕೂತಳು. "ಜಕ್ಕಮ್ಮನ ಹೆಸರನ್ನಾದರೂ ಬರೆದಿಟ್ಟನಲ್ಲ. ಇಲ್ಲಿಯ ಯಾರೂ ಬರೆದಿಡಲಿಲ್ಲ" ಎಂದಳು.

ಮಧ್ಯಾಹ್ನ ಅಂಬಾರಗೋಡ್ಲಿಗೆ ಬಂದೆವು. ತುಮರಿ, ಸಿಗಂದೂರಿನ ಕಡೆಗೆ ಹೋಗುವವರು ಇಲ್ಲಿ ದಶಕಗಳ ಕಾಲ ಲಾಂಚಿಗೆ ಕಾದರು. ಹೆರಿಗೆ ನೋವಾಗಲಿ, ಹಾವು ಕಚ್ಚಲಿ, ಲಾಂಚು ಬಂದಾಗಲೇ ದಾಟುವುದು. 2025ರ ಜುಲೈ 14ರಂದು ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮೀರಿದ ಉದ್ದ, ನಡುವೆ ಕಂಬದಿಂದ ಇಳಿಬಿಟ್ಟ ಕೇಬಲ್ಲುಗಳು. ದಾಟಲು ನಮಗೆ ನಾಲ್ಕೈದು ನಿಮಿಷ ಸಾಕಾಯಿತು.

ಆಚೆಯ ದಡದಲ್ಲಿ ಕಾರು ನಿಲ್ಲಿಸಿದೆ. ಕೆರೆ ತುಂಬಿತ್ತು. ಅಲ್ಲಲ್ಲಿ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ ಕೂತಿದ್ದವು. "ಯಾವ ಕಡೆ?" ಎಂದು ಕೇಳಿದೆ. ಅವಳು ಕೈಯೆತ್ತಿ ತೋರಿಸಲು ಹೋಗಿ ನಿಲ್ಲಿಸಿದಳು. ನೀರಿನಲ್ಲಿ ಗುರುತು ಎಲ್ಲಿಂದ ಬರಬೇಕು?

"ನಿಮಗೆ ಒಂದು ಹೇಳಲಾ?" ಎಂದಳು. "ಹೊರಡುವ ದಿನ ಸಾಮಾನು ಒಯ್ಯಲು ಲಾರಿ ಬಂತು. ನನಗೆ ಆರು ವರ್ಷ. ಲಾರಿ ಹತ್ತಿದ್ದು ಅದೇ ಮೊದಲು. ಎಷ್ಟು ಖುಷಿಯೆಂದರೆ ದಾರಿಯುದ್ದ ಹಾಡು ಹೇಳುತ್ತಿದ್ದೆ. ಅಪ್ಪ ಒಂದು ಸಲ ತಿರುಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಮುಖ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅದಕ್ಕೇ ಊರಿನ ಮಾತು ತೆಗೆಯುತ್ತಿರಲಿಲ್ಲ."

ನಾನು ಏನು ಹೇಳಲಿ? 1623ರಲ್ಲಿ ಒಬ್ಬ ಹೊರಗಿನವನು ಯಾವ ದಿನ ಎಲ್ಲಿ ತಂಗಿದ ಎಂದು ಬಲ್ಲ ನನಗೆ, ಇವಳು ಅಷ್ಟು ವರ್ಷದಿಂದ ಹೊತ್ತ ಪೆಟ್ಟಿಗೆಯೊಂದು ಗೊತ್ತಿರಲಿಲ್ಲ. ಅವನು ಮುಚ್ಚಿಟ್ಟದ್ದು ಹಡಗಿನವರಿಂದ. ಇವಳು ಮುಚ್ಚಿಟ್ಟದ್ದು ನನ್ನಿಂದಲೂ. ಕೇಳದವನಿಗೆ ಯಾರು ತೆರೆದು ತೋರಿಸುತ್ತಾರೆ?

ಅಣ್ಣ ಮೆಲ್ಲಗೆ, "ನೀನು ಹಾಡಿದ್ದು ನನಗೂ ನೆನಪಿದೆ" ಎಂದರು. "ಅಮ್ಮ ಹೇಳುತ್ತಿದ್ದಳು, ಆ ದಿನ ಲಾರಿಯಲ್ಲಿ ಅಳದೆ ಇದ್ದವಳು ಅವಳೊಬ್ಬಳೇ, ಅವಳಿಂದ ದಾರಿ ಸಾಗಿತು ಅಂತ."

ಅವಳು ತುಂಬ ಹೊತ್ತು ಮಾತಾಡಲಿಲ್ಲ.

ವಾಪಸು ಬರುವಾಗ ಚಹಾ ಅಂಗಡಿಯೊಂದರಲ್ಲಿ ಕೂತು, ದೆಲ್ಲಾ ವಾಲ್ಲೆಯ ಟಿಪ್ಪಣಿಗೆಂದು ತಂದಿದ್ದ ನೋಟುಪುಸ್ತಕವನ್ನು ತಿರುಗಿಸಿ ಹಿಂದಿನ ಪುಟದಿಂದ ಬರೆಯಲು ಶುರುಮಾಡಿದೆ. ಮನೆ ಎಲ್ಲಿ, ಶಾಲೆಯ ಜಗಲಿ ಎಲ್ಲಿ, ಹೊಳೆಗೆ ಇಳಿಯುವ ದಾರಿ ಯಾವ ಕಡೆ. ಕೊಟ್ಟಿಗೆ ಮನೆಯ ಎಡಕ್ಕೆ ಎಂದಳು ತಂಗಿ. ಬಲಕ್ಕೆ ಎಂದರು ಅಣ್ಣ. ಇಬ್ಬರೂ ಮೇಜಿನ ಮೇಲೆ ಚೆಲ್ಲಿದ ನೀರಿನಲ್ಲಿ ಬೆರಳಿನಿಂದ ಗೆರೆ ಎಳೆದು ಜಗಳಾಡಿದರು. ಅವಳು ಮರೆತ ಕೇರಿಯನ್ನು ಅಣ್ಣ ಕೂಡಿಸಿದರು. ಅಣ್ಣ ಮರೆತ ಹಸುವಿನ ಹೆಸರನ್ನು ಅವಳು ಹೇಳಿದಳು. ಅಂಗಡಿಯವನು ಬಂದು ಮೇಜು ಒರೆಸಿದ. ಅವರು ಮತ್ತೆ ಮೊದಲಿನಿಂದ ಎಳೆದರು.

ಗುಡಿಯ ಜಗಲಿಯ ಆ ಹುಡುಗರು ಹೇಳಿದ್ದು ಸರಿ. ಎಲ್ಲರೂ ಒಟ್ಟಿಗೆ ಮರೆಯುವುದಿಲ್ಲ. ಆದರೆ ಜಗಲಿಯಲ್ಲಿ ಈಗ ಉಳಿದಿರುವುದು ಇಬ್ಬರೇ. ಕೊಟ್ಟಿಗೆ ಎಡಕ್ಕೋ ಬಲಕ್ಕೋ ಇನ್ನೂ ತೀರ್ಮಾನವಾಗಿಲ್ಲ. ನಾನು ಎರಡನ್ನೂ ಬರೆದುಕೊಂಡಿದ್ದೇನೆ.